ಕನ್ನಡಿ ಇರುವ ಕ್ಯಾಮೆರಾ

ಇಲ್ಲಿ ಬರೆಯುವ ಕೆಲವು ವಿವರಗಳು ನಡೆದ ಹಾಗೇ ಇರಲಿಕ್ಕಿಲ್ಲ. ಕ್ಯಾಮೆರಾ ಕೊಳ್ಳುವ ಯೋಚನೆ ಬಂದದ್ದು ಯುಗಾದಿಗೆ ಮುಂಚೆ ಎಂದು ನನ್ನ ನೆನಪು. ಡೈರಿ ತೆಗೆದು ನೋಡಿದರೆ ಅದರ ಮೊದಲ ಮಾತು ಸಿಗುವುದು ಮಾವಿನ ಕಾಲ ಮುಗಿಯುತ್ತಾ ಬಂದಾಗ. ಹಾಗೆಂದು ಡೈರಿಯನ್ನೂ ನಾನು ಪೂರ್ತಿ ನಂಬುವುದಿಲ್ಲ. ಎಷ್ಟೋ ವರ್ಷದಿಂದ ಬರೆಯುತ್ತಿದ್ದೇನೆ, ಅದರ ಗುಣ ಗೊತ್ತು. ದಿನ ಮುಗಿದ ಮೇಲೆ ಬರೆಯಲು ಕೂತಾಗ ಬೆಳಗಿನ ಜಗಳ ಸ್ವಲ್ಪ ತಿದ್ದಿಕೊಂಡಿರುತ್ತದೆ, ನಾನು ಬಾಯಿಬಿಟ್ಟು ಕೊಡದೇ ಹೋದ ಉತ್ತರಗಳು ಕೊಟ್ಟಂತೆಯೇ ಬಂದು ಕೂತಿರುತ್ತವೆ.

ನಾನು ದೊಡ್ಡಬಳ್ಳಾಪುರದ ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಅಮ್ಮ ಮತ್ತು ನಾನು ಒಟ್ಟಿಗೇ ಇದ್ದೇವೆ. ಭಾನುವಾರಗಳು ತುಂಬಾ ಉದ್ದ ಅನ್ನಿಸಲು ಶುರುವಾಗಿತ್ತು. ಏನಾದರೂ ಹವ್ಯಾಸ ಹಿಡಿ ಎಂದು ಸಹೋದ್ಯೋಗಿಗಳು ಹೇಳಿದಾಗ ಫೋಟೋಗ್ರಫಿ ಅಂದೆ. ಎಲ್ಲರಿಗೂ ಕೊಟ್ಟ ಕಾರಣ ಅದು, ಸುಳ್ಳೂ ಅಲ್ಲ. ಆದರೆ ನಿಜವಾಗಿ ನನ್ನನ್ನು ಹೊರಡಿಸಿದ್ದು ಗೋಡೆಯ ಮೇಲಿನ ಅಪ್ಪನ ಫೋಟೋ.

ಅಪ್ಪ ಕಾಮಾಲೆಯಲ್ಲಿ ತೀರಿಕೊಂಡಾಗ ನನಗೆ ಆರು ವರ್ಷ. ಅಪ್ಪ ಅಮ್ಮನ ಮದುವೆಗೆ ಬಂದಿದ್ದ ಫೋಟೋಗ್ರಾಫರನ ರೀಲು ಬೆಳಕು ಬಿದ್ದು ಸುಟ್ಟು ಹೋಗಿತ್ತಂತೆ, ಹಾಗಾಗಿ ಆಲ್ಬಮ್ ಇಲ್ಲ. ಅಪ್ಪನ ಮತದಾರರ ಗುರುತಿನ ಚೀಟಿಯಲ್ಲಿ ಮುಖದ ಜಾಗದಲ್ಲಿ ಒಂದು ಕಪ್ಪು ಕಲೆ. ಹನ್ನೊಂದನೆಯ ದಿನದ ಕಾರ್ಯಕ್ಕೆ ಫೋಟೋ ಬೇಕೇ ಬೇಕಲ್ಲ. ಅಪ್ಪನ ಅಣ್ಣ, ನನ್ನ ದೊಡ್ಡಪ್ಪ, ಯಾರದೋ ಮದುವೆಯಲ್ಲಿ ತೆಗೆದ ಗುಂಪು ಫೋಟೋ ಒಂದನ್ನು ಹುಡುಕಿ ಊರಿನ ಸ್ಟುಡಿಯೋಗೆ ತೆಗೆದುಕೊಂಡು ಹೋದರು. ಸ್ಟುಡಿಯೋದವನು ಆ ಸಾಲಿನಿಂದ ಒಂದು ತಲೆ ಬಿಡಿಸಿಕೊಂಡು, ದೊಡ್ಡದು ಮಾಡಿ, ಅದರ ಕೆಳಗೆ ಕೋಟು ಟೈ ಕೂರಿಸಿ, ಹಿಂದೆ ನೀಲಿ ಬಣ್ಣ ತುಂಬಿ ಕೊಟ್ಟ. ನಮ್ಮ ಕಡೆ ತೀರಿಕೊಂಡ ಗಂಡಸರೆಲ್ಲ ಹೀಗೇ. ಜನ್ಮದಲ್ಲಿ ಹಾಕದ ಕೋಟನ್ನು ಗೋಡೆಯ ಮೇಲೆ ಹಾಕಿಕೊಂಡಿರುತ್ತಾರೆ. ಅಪ್ಪ ಮಗ್ಗದ ಕೆಲಸದವರು. ಬನಿಯನ್ನು, ಪಟ್ಟಾಪಟ್ಟಿ ಚಡ್ಡಿ, ಹೆಗಲ ಮೇಲೊಂದು ಟವೆಲು. ಆದರೂ ಅಪ್ಪ ಅಂದರೆ ನನ್ನ ಕಣ್ಣಿಗೆ ಬರುವುದು ಆ ಕೋಟು. ನನ್ನನ್ನು ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದ ನೆನಪಿನಲ್ಲೂ ಅವರು ಟೈ ಕಟ್ಟಿದ್ದಾರೆ.

ಆ ಫೋಟೋಗೆ ಕಾಗದ ತಿನ್ನುವ ಬೆಳ್ಳಿಮೀನು ಹುಳ ಬಿದ್ದಿದ್ದವು. ಕೆಳಗಿನ ಅಂಚಿನಿಂದ ಶುರುಮಾಡಿ ಕೋಟಿನ ಅರ್ಧ ತಿಂದಿದ್ದವು.

"ಕೋಟು ತಿಂದ್ಕೊಂಡು ಹೋಗ್ಲಿ," ಅಂದಳು ಅಮ್ಮ. "ಮುಖಕ್ಕೆ ಬರೋಷ್ಟರಲ್ಲಿ ಇನ್ನೊಂದು ಮಾಡಿಸ್ಕೊಂಡು ಬಾ. ಹಿರಿಯರ ಹಬ್ಬಕ್ಕೆ ಹೊಸದು ನೇತಾಕಾನ."

ಮೊದಲು ಫೋನಿನಲ್ಲಿ ತೆಗೆದೆ. ಫೋನು ಅಪ್ಪನ ಕೆನ್ನೆಯನ್ನು ನುಣ್ಣಗೆ ತೊಳೆದು, ಹುಬ್ಬಿಗೆ ಕಪ್ಪು ತೀಡಿ, ಕಣ್ಣಲ್ಲಿ ಇರದಿದ್ದ ಹೊಳಪನ್ನು ಇಟ್ಟು ತೋರಿಸಿತು. ಪಕ್ಕದಲ್ಲಿ ನಿಂತಿದ್ದ ಅಮ್ಮನದ್ದೂ ಒಂದು ತೆಗೆದೆ. ಅಮ್ಮನ ಗಲ್ಲದ ಮೇಲಿರುವ ಸಿಡುಬಿನ ಗುಳಿಗಳೇ ಇರಲಿಲ್ಲ. ಮುಖ್ಯ ರಸ್ತೆಯ ಅಂಗಡಿಯವರು ಕಂಪ್ಯೂಟರಿನಲ್ಲಿ ಹೊಸದೇ ಮಾಡಿಕೊಡುತ್ತೇವೆ, ಬೇಕಾದರೆ ನಗುವ ಹಾಗೂ ಮಾಡಬಹುದು ಎಂದರು. ನಾನು ವಾಪಸ್ ಬಂದೆ. ಇದ್ದದ್ದನ್ನು ಇದ್ದ ಹಾಗೆ ಹಿಡಿಯುವ ಒಂದು ವಸ್ತು ಬೇಕು ಅನ್ನಿಸಿದ್ದು ಆಗ. ಈ ಎರಡು ಸಂಗತಿ ಒಂದೇ ವಾರದಲ್ಲಿ ನಡೆದವೋ, ನಾನೇ ಹೊಂದಿಸಿಕೊಂಡಿದ್ದೇನೋ ಹೇಳಲಾರೆ.

ಹೊಸಬರು ಯಾವ ಕ್ಯಾಮೆರಾ ಕೊಳ್ಳಬೇಕು ಎಂದು ಹೇಳಿಕೊಡುವ ವಿಡಿಯೋಗಳನ್ನು ಒಂದು ತಿಂಗಳು ನೋಡಿದೆ. ಒಬ್ಬರು ಸೆನ್ಸರ್ ದೊಡ್ಡದಿರಲಿ ಅನ್ನುತ್ತಾರೆ. ಇನ್ನೊಬ್ಬರು ಸೆನ್ಸರ್ ಬಿಡಿ, ದುಡ್ಡೆಲ್ಲ ಲೆನ್ಸಿಗೆ ಹಾಕಿ ಅನ್ನುತ್ತಾರೆ. ಮೂರನೆಯವರು ಕೈಯಲ್ಲಿರುವ ಫೋನೇ ಸಾಕು ಅನ್ನುತ್ತಾರೆ. ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ತೂಕ, ಬ್ಯಾಟರಿ, ಮೆಗಾಪಿಕ್ಸೆಲ್ ಎಂದು ಬರೆದುಕೊಂಡೆ. ಎಲ್ಲ ಬರೆದಾದ ಮೇಲೂ ನನಗೆ ಬೇಕಾದ ಒಂದು ಪ್ರಶ್ನೆಗೆ ಯಾರೂ ಉತ್ತರ ಹೇಳಿರಲಿಲ್ಲ: ಇದು ತಾನಾಗಿ ಏನನ್ನಾದರೂ ಸೇರಿಸುತ್ತದೆಯೇ?

ಕೊನೆಗೆ ಹಳೆಯ ಕ್ಯಾಮೆರಾ ಒಂದು ಮಾರಾಟಕ್ಕಿದೆ ಎಂದು ಗೊತ್ತಾಗಿ ದೇವನಹಳ್ಳಿಗೆ ಹೋದೆ. ಮಾರುವವರು ಮದುವೆ ಫೋಟೋ ತೆಗೆಯುವ ಮುಸ್ಲಿಂ ಹಿರಿಯರು. ಕೋಟೆಯ ಹಿಂದಿನ ಬೀದಿಯಲ್ಲಿ ಅವರ ಮನೆ. ಮುಂಗೋಣೆಯ ತುಂಬಾ ಬಿಳಿ ಕೊಡೆಗಳು, ಲೈಟಿನ ಕಂಬಗಳು, ಸುತ್ತಿಟ್ಟ ಪರದೆ.

"ಹಾಬಿಗಾ ಮೇಡಂ?" ಅಂದರು.

"ಹೌದು."

"ಹಾಬಿ ಅಂತ ತಗೊಂಡೋರು ಮೂರು ತಿಂಗಳಿಗೆ ವಾಪಸ್ ತಂದ್ಬಿಡ್ತಾರೆ. ಮೊದಲು ಹೂವು ತೆಗೀತಾರೆ, ಆಮೇಲೆ ಬೆಕ್ಕು ತೆಗೀತಾರೆ, ಆಮೇಲೆ ಬೀರುವಲ್ಲಿ ಇಡ್ತಾರೆ."

"ನಮ್ಮನೇಲಿ ಬೆಕ್ಕಿಲ್ಲ."

"ಹಂಗಾದ್ರೆ ಎರಡೇ ತಿಂಗಳು."

ಅವರು ಎರಡು ಕ್ಯಾಮೆರಾ ಮುಂದಿಟ್ಟರು. ಒಂದು ಅವರು ಹೊಸದಾಗಿ ಕೊಂಡದ್ದು, ನನಗೆ ತೋರಿಸಲು ಮಾತ್ರ. ಇನ್ನೊಂದು ಮಾರಲಿಕ್ಕಿದ್ದದ್ದು. ಹಿಡಿಯ ರಬ್ಬರು ಸವೆದು ನುಣ್ಣಗಾಗಿತ್ತು.

"ಇದ್ರೊಳಗೆ ಕನ್ನಡಿ ಇದೆ ಮೇಡಂ. ನೀವು ಈ ಕಿಂಡೀಲಿ ಕಣ್ಣಿಟ್ಟರೆ ಎದುರಿಗಿರೋ ಬೆಳಕೇ ಹಂಗೇ ಬಂದು ಬೀಳ್ತದೆ. ಹೊಸದ್ರಲ್ಲಿ ಕನ್ನಡಿ ಇಲ್ಲ. ಮೊದಲು ಮೆಷಿನ್ ನೋಡ್ತದೆ, ಆಮೇಲೆ ನಿಮಗೆ ಟಿವಿ ತರ ತೋರಿಸ್ತದೆ."

"ಯಾವುದು ಒಳ್ಳೇದು?"

"ಒಳ್ಳೇದು ಹೊಸದು. ನಾನೇ ತಗೊಂಡಿದೀನಲ್ಲ, ಸುಳ್ಳು ಯಾಕೆ ಹೇಳ್ಲಿ? ಮದುವೆ ಹೆಣ್ಣು ತಲೆ ಬಗ್ಗಿಸಿದ್ರೂ ಕಣ್ಣು ಹುಡುಕ್ಕೊಂಡು ಹಿಡ್ಕೊಂಬಿಡ್ತದೆ. ಹಳೇದು ಭಾರ, ನಿಧಾನ, ಕತ್ತಲಲ್ಲಿ ಕುರುಡು."

ನಾನು ಹಳೆಯದನ್ನು ಕಣ್ಣಿಗೆ ಹಿಡಿದು ಬಾಗಿಲಿನತ್ತ ತಿರುಗಿದೆ. ಕಿಂಡಿಯೊಳಗೆ ಬೀದಿ ಸಣ್ಣದಾಗಿ, ಸ್ವಲ್ಪ ಮಂಕಾಗಿ ಕಂಡಿತು. ಒಬ್ಬ ಹೆಂಗಸು ಬಟ್ಟಲಲ್ಲಿ ಮೊಸರು ತೆಗೆದುಕೊಂಡು ದಾಟಿ ಹೋದಳು. ಯಾವ ಹೊಳಪೂ ಸೇರಲಿಲ್ಲ.

"ಇದೇ ಕೊಡಿ," ಅಂದೆ.

ಒಳಗಿನಿಂದ ಅವರ ಹೆಂಡತಿ ದಖನಿ ಉರ್ದುವಿನಲ್ಲಿ ಏನೋ ಕೂಗಿದರು. ಇವರು ನಕ್ಕರು. "ಇದನ್ನ ಯಾರೂ ಕೇಳಲ್ಲ ಅಂದಿದ್ದೆ ನಾನು. ಅವಳು ಗೆದ್ಬಿಟ್ಟಳು."

ಜೊತೆಗೆ ಮುಂದೆ ಹಿಂದೆ ಎಳೆಯಲು ಬಾರದ ಒಂದು ಲೆನ್ಸ್ ಕೊಟ್ಟರು. ಹತ್ತಿರ ಬೇಕಾದರೆ ನೀವೇ ನಡೆದುಕೊಂಡು ಹೋಗಬೇಕು ಎಂದರು. ನಾನು ಎದ್ದು ಹೊರಟಾಗ ಬಾಗಿಲ ತನಕ ಬಂದು, "ಇನ್ನೊಂದು ಹೇಳ್ಬಿಡ್ತೀನಿ ಮೇಡಂ. ಸೆನ್ಸರ್ ಮೇಲೆ ಧೂಳಿದೆ, ಒಂದೆರಡು ಕಡೆ. ಬರೀ ಆಕಾಶ ತೆಗೆದು ನೋಡಿ, ಕಪ್ಪು ಚುಕ್ಕೆ ಕಾಣ್ತದೆ. ಏನೇ ತೆಗೆದ್ರೂ ಅದು ಅಲ್ಲೇ ಇರ್ತದೆ. ಆಮೇಲೆ ಬೈಕೋಬೇಡಿ," ಅಂದರು. ಆ ಪ್ರಾಮಾಣಿಕತೆ ಆವತ್ತು ನನಗೆ ಹಿಡಿಸಿತು.

ಮೊದಲ ಎರಡು ಭಾನುವಾರ ನಲ್ಲೂರಿನ ಹುಣಸೆ ತೋಪಿಗೆ ಹೋದೆ. ನೂರಾರು ವರ್ಷ ಹಳೆಯ ಮರಗಳ ಎದುರು ಯಾರು ತೆಗೆದರೂ ಫೋಟೋ ಚೆನ್ನಾಗಿ ಬರುತ್ತದೆ ಎಂದುಕೊಂಡಿದ್ದೆ. ಕಾಂಡಗಳು ಬೂದಿಯ ಗುಡ್ಡೆಯ ಹಾಗೆ ಬಂದವು, ಎಲೆಗಳು ಒಂದಕ್ಕೊಂದು ಮೆತ್ತಿಕೊಂಡವು. ಮೋಡ ಕವಿದ ದಿನ, ನನ್ನ ಕೈ ನಡುಕ, ಯಾವ ಗುಂಡಿ ಏನು ಮಾಡುತ್ತದೆ ಎಂಬುದು ತಿಳಿಯದ್ದು, ಎಲ್ಲವೂ ಇದ್ದವು. ಮನೆಗೆ ಬಂದು ಲ್ಯಾಪ್‌ಟಾಪಿನಲ್ಲಿ ನೋಡಿದರೆ ಮರ ಇದೆ, ನಾನು ನೋಡಿದ ಮರ ಇಲ್ಲ. ಆಕಾಶದಲ್ಲಿ ಮೇಲೆ ಎಡಗಡೆ ಎರಡು ಮಸುಕು ಚುಕ್ಕೆಗಳು. ಪ್ರತಿ ಚಿತ್ರದಲ್ಲೂ ಅಲ್ಲೇ. ಅವರು ಹೇಳಿದ ಧೂಳು.

ಆಷಾಢ ಕಳೆದ ಮೇಲೆ ಅಪ್ಪನ ಫೋಟೋ ಇಳಿಸಿದೆ. ಅಮ್ಮ ದಿನಾ ಗಾಜು ಒರೆಸಿ, ಗಾಜಿನ ಮೇಲೇ ಹಣೆಗೆ ಕುಂಕುಮ ಇಟ್ಟು, ಹೂವು ಮುಡಿಸಿ, ಎರಡು ಮಾತು ಆಡುತ್ತಾಳೆ. ನೀರಿನ ಟ್ಯಾಂಕರು ಬರಲಿಲ್ಲ ಎಂತಲೋ, ನಿಮ್ಮ ಮಗಳು ಹೇಳಿದ ಮಾತು ಕೇಳುವುದಿಲ್ಲ ಎಂತಲೋ. ಕುಂಕುಮದ ಕೆಂಪು ಗಾಜಿಗೆ ಅಂಟಿ ಹುಬ್ಬಿನ ತನಕ ಇಳಿದಿತ್ತು. ಚೌಕಟ್ಟಿನ ಮೊಳೆ ಕಿತ್ತು, ಗಾಜು ತೆಗೆದು, ಕಾಗದವನ್ನು ಕಿಟಕಿಯ ಪಕ್ಕದ ಗೋಡೆಗೆ ಆನಿಸಿ ಹತ್ತಿರ ನಡೆದು ಹೋಗಿ ತೆಗೆದೆ. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಗಾಜಿಲ್ದೆ ಒಂಥರಾ ಬರಿಮೈಲಿ ಇದ್ದಂಗಿದಾರೆ, ಬೇಗ ಮುಚ್ಚು," ಅಂದಳು.

ನನ್ನ ಕ್ಯಾಮೆರಾದಿಂದ ಬಂದ ಮೊದಲ ಸ್ಪಷ್ಟ ಚಿತ್ರ ಅದು. ಹಿಗ್ಗಿ ಅದನ್ನು ಪರದೆಯ ತುಂಬಾ ದೊಡ್ಡದು ಮಾಡುತ್ತಾ ಹೋದೆ. ಬಣ್ಣ ತುಂಬಿದ ಕುಂಚದ ಗೆರೆಗಳು, ಕೊರಳು ಕೋಟಿಗೆ ಸೇರುವಲ್ಲಿ ಒರಟು ಅಂಚು, ಎಲ್ಲ ಕಂಡವು. ಮಗ್ಗದಿಂದ ಹಾರಿದ ಲಾಳಿ ಬಡಿದು ಅಪ್ಪನ ಎಡ ಹುಬ್ಬು ಸೀಳಿತ್ತು, ಅಲ್ಲಿ ಮತ್ತೆ ಕೂದಲು ಬರಲಿಲ್ಲ ಎಂದು ಅಮ್ಮ ಹೇಳುವುದುಂಟು. ಚಿತ್ರದಲ್ಲಿ ಹುಬ್ಬು ಪೂರ್ತಿ ಇದೆ. ಸ್ಟುಡಿಯೋದವನು ಪಾಪ ತುಂಬಿಕೊಟ್ಟಿದ್ದಾನೆ ಎಂದೇ ನಾವು ಇಷ್ಟು ವರ್ಷ ಅಂದುಕೊಂಡಿದ್ದೆವು. ಆದರೆ ಅಲ್ಲಿ ಕುಂಚದ ಗೆರೆಯಿಲ್ಲ. ಕೂದಲು ಕೂದಲಾಗಿಯೇ ಇದೆ.

ಬಲ ಮೂಗಿನ ಹೊಳ್ಳೆಯ ಮೇಲೆ ಒಂದು ಚುಕ್ಕೆ ಇತ್ತು. ಸಾಸಿವೆ ಕಾಳಿಗಿಂತ ಚಿಕ್ಕದು.

ಧೂಳು ಎಂದುಕೊಂಡೆ. ಧೂಳಿನ ಚುಕ್ಕೆಗಳು ಮೇಲೆ ಎಡಗಡೆ ಇರುವುದು ಗೊತ್ತಿದ್ದೂ ಹಾಗೆಂದುಕೊಂಡೆ. ಕ್ಯಾಮೆರಾವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಮತ್ತೆ ತೆಗೆದೆ. ಮುಖ ಚಿತ್ರದ ಮೂಲೆಗೆ ಹೋಯಿತು, ಚುಕ್ಕೆಯೂ ಮುಖದ ಜೊತೆಗೇ ಹೋಯಿತು. ಫೋಟೋವನ್ನು ತಲೆಕೆಳಗಾಗಿ ಇಟ್ಟು ತೆಗೆದೆ. ಒದ್ದೆ ಹತ್ತಿಯಿಂದ ಕಾಗದವನ್ನು ಮೆಲ್ಲಗೆ ಒರೆಸಿದೆ. ಅದು ಮೂಗು ಬಿಡಲಿಲ್ಲ.

ನಮ್ಮ ಅಜ್ಜಿಗೆ ಮೊದಲ ಎರಡು ಮಕ್ಕಳು ಉಳಿಯಲಿಲ್ಲ. ಮೂರನೆಯವರಾಗಿ ಹುಟ್ಟಿದ ದೊಡ್ಡಪ್ಪನನ್ನು ಮೊರದಲ್ಲಿ ಹಾಕಿ ತಿಪ್ಪೆಯ ಮೇಲೆ ಇಟ್ಟು, ಪಕ್ಕದ ಮನೆಯವಳ ಕೈಯಿಂದ ಎತ್ತಿಸಿ, ಅವಳಿಗೆ ಒಂದು ಮೊರ ಹೊಟ್ಟು ಕೊಟ್ಟು ಮಗುವನ್ನು ಕೊಂಡುಕೊಂಡರಂತೆ. ಮೇಲೆ ಬಲ ಮೂಗು ಚುಚ್ಚಿಸಿದರು. ಯಾರಿಗೂ ಬೇಡದ, ಹೊಟ್ಟಿಗೆ ಸಿಕ್ಕ ಕೂಸು ಎಂದು ಸಾವಿಗೆ ತೋರಿಸಿ ಕಳಿಸುವುದು ಅದರ ಉದ್ದೇಶ. ಮೂಗುಬೊಟ್ಟು ಎಂದೋ ತೆಗೆದರು, ಗುರುತು ಉಳಿಯಿತು. ಅಪ್ಪ ಹುಟ್ಟುವ ಹೊತ್ತಿಗೆ ಅಜ್ಜಿಯ ಹೆದರಿಕೆ ಹೋಗಿತ್ತು. ಅವರಿಗೆ ಚುಚ್ಚಿಸಲಿಲ್ಲ.

ಅಣ್ಣ ತಮ್ಮ ನೋಡಲು ಒಂದೇ ಥರ ಇದ್ದರೆಂದು ಎಲ್ಲರೂ ಹೇಳುತ್ತಾರೆ. ಆ ಗುಂಪು ಫೋಟೋದಲ್ಲಿ ಇಬ್ಬರೂ ಅಕ್ಕಪಕ್ಕ ನಿಂತಿದ್ದರಂತೆ. ಅದು ಸ್ಟುಡಿಯೋದಿಂದ ವಾಪಸ್ ಬರಲೇ ಇಲ್ಲ. ಸ್ಟುಡಿಯೋ ಇದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿ. ಆದರೆ ನೆನಪಿನಲ್ಲಿ ಒಂದು ದೃಶ್ಯವಿದೆ. ಹನ್ನೊಂದನೆಯ ದಿನ ಬೆಳಿಗ್ಗೆ ದೊಡ್ಡಪ್ಪ ಪೇಪರು ಸುತ್ತಿದ ಫೋಟೋ ತಂದು ಗೋಡೆಗೆ ಒರಗಿಸಿದಾಗ ಅಮ್ಮ ಬಹಳ ಹೊತ್ತು ನೋಡಿ, "ಮೂಗು ದಪ್ಪ ಬಂದ್ಬಿಟ್ಟಿದೆ," ಅಂದಳು. ದೊಡ್ಡಪ್ಪ, "ದೊಡ್ಡದು ಮಾಡಿದ್ರೆ ಹಂಗೇ ಕಣಮ್ಮಾ ಬರೋದು," ಅಂದರು. ಇದು ನಿಜವಾಗಿ ನಡೆಯಿತೇ, ಪರದೆಯ ಮೇಲೆ ಚುಕ್ಕೆ ಕಂಡ ಮೇಲೆ ನಾನು ಕಟ್ಟಿಕೊಂಡದ್ದೇ? ಹಳೆಯ ಡೈರಿಗಳನ್ನೆಲ್ಲ ತಿರುವಿದೆ. ದೊಡ್ಡವಳಾದ ಮೇಲೂ ಎಲ್ಲೂ ಬರೆದಿಲ್ಲ. ಬರೆಯದೇ ಇದ್ದದ್ದು ಏನನ್ನು ಸಾಬೀತು ಮಾಡುತ್ತದೆ ಎಂದು ತರಗತಿಯಲ್ಲಿ ಯಾರಾದರೂ ಕೇಳಿದ್ದರೆ ಏನೂ ಇಲ್ಲ ಎನ್ನುತ್ತಿದ್ದೆ.

ಚುಕ್ಕೆ ನೊಣದ ಕೊಳಕಿರಬಹುದು. ಸ್ಟುಡಿಯೋದಲ್ಲಿ ಕಾಗದ ತೊಳೆಯುವಾಗ ಕೂತ ಕಲೆಯೂ ಇರಬಹುದು. ಹುಬ್ಬನ್ನು ಸ್ಟುಡಿಯೋದವನು ನನಗೆ ಕಾಣದಷ್ಟು ಜಾಣತನದಿಂದ ಬರೆದಿರಬಹುದು. ಇಷ್ಟೂ ಸಾಧ್ಯತೆಗಳನ್ನು ಡೈರಿಯಲ್ಲಿ ಬರೆದುಕೊಂಡೆ, ಓದಿಕೊಂಡೆ. ಸಮಾಧಾನವಾಗಲಿಲ್ಲ. ಅಪ್ಪನ ಮುಖ ಎಂದು ನನ್ನಲ್ಲಿ ಇರುವುದು ಇದೊಂದೇ. ಸೈಕಲ್ಲು, ಜ್ವರದ ದಿನ ಹಣೆ ಮುಟ್ಟಿದ ಕೈ, ಮಗ್ಗದ ಮನೆಯ ಬಾಗಿಲಲ್ಲಿ ತಿಂಡಿಯ ಪೊಟ್ಟಣ ಹಿಡಿದು ನಿಂತದ್ದು, ಎಲ್ಲದರ ಮೇಲೂ ಈ ಮುಖವನ್ನೇ ಅಂಟಿಸಿಕೊಂಡಿದ್ದೇನೆ. ಇದು ಅವರದ್ದಲ್ಲದಿದ್ದರೆ ಆ ಜಾಗಗಳಲ್ಲಿ ಯಾರೂ ಇಲ್ಲ. ಅಮ್ಮ ಇಷ್ಟು ವರ್ಷ ಬೆಳಿಗ್ಗೆ ಎದ್ದು ಹೂವು ಮುಡಿಸಿದ್ದು ಬದುಕಿರುವ ಭಾವನ ತಲೆಗೆ.

ಅಮ್ಮನನ್ನು ಕೇಳಲು ಆಗಲಿಲ್ಲ. ಫೋಟೋವನ್ನು ಮತ್ತೆ ಚೌಕಟ್ಟಿಗೆ ಹಾಕಿ ಮೊಳೆ ಹೊಡೆದೆ.

"ಹೊಸದು ಆಯ್ತಾ?" ಎಂದು ಅಮ್ಮ ವಾರಕ್ಕೊಮ್ಮೆ ಕೇಳುತ್ತಿದ್ದಳು.

"ಸರಿಯಾಗಿ ಬಂದಿಲ್ಲಮ್ಮ. ಇನ್ನೂ ಕಲೀತಿದೀನಿ."

"ಅಷ್ಟು ದೊಡ್ಡ ಕ್ಯಾಮೆರಾ ತಗೊಂಡು ಒಂದು ಗೋಡೆ ಫೋಟೋ ತೆಗಿಯಕ್ಕೆ ಬರಲ್ವೇನೇ ನಿಂಗೆ? ಬೇಡ ಬಿಡು. ಹಳೇದೇ ಇರ್ಲಿ. ಇಷ್ಟು ದಿನ ಅದರ ಜೊತೇಲೇ ಮಾತಾಡಿದೀನಿ."

ಪಿತೃಪಕ್ಷದ ಅಮಾವಾಸ್ಯೆಗೆ ದೊಡ್ಡಪ್ಪ ಆವತಿ ಕಡೆಯ ತಮ್ಮ ಹಳ್ಳಿಯಿಂದ ಬಂದರು. ಪ್ರತಿ ವರ್ಷ ತಪ್ಪದೆ ಬರುತ್ತಾರೆ. ಎಪ್ಪತ್ತು ದಾಟಿದೆ, ಹಲ್ಲಿಲ್ಲ, ಬಾಯಿ ಮಾತ್ರ ಜೋರು. ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಕ್ಯಾಮೆರಾ ಕಣ್ಣಿಗೆ ಬಿತ್ತು.

"ಏನಮ್ಮಾ ಇದು, ಪಾಠ ಹೇಳೋದ್ ಬಿಟ್ಟು ಫೋಟೋ ಹೊಡಿಯಕ್ಕೆ ಹೊರಟಿದೀಯಂತೆ? ನಿನ್ನ ಮದುವೆ ಫೋಟೋ ನೋಡಾನ ಅಂತ ನಾವು ಕಾಯ್ತಾ ಕೂತಿದ್ರೆ, ನೀನೇ ಕ್ಯಾಮೆರಾ ತಗೊಂಡ್ಬಿಟ್ಟಲ್ಲ!"

"ಗಂಡು ಸಿಕ್ಕರೆ ಖರ್ಚು ಉಳೀತದೆ ದೊಡ್ಡಪ್ಪ, ನಾನೇ ತೆಕ್ಕೊಂಬಿಡ್ತೀನಿ."

"ನೋಡಮ್ಮಾ ಇವಳ ಬಾಯ!" ಎಂದು ಅಡುಗೆಮನೆಯತ್ತ ಕೂಗಿ ನಕ್ಕರು.

ಅಮ್ಮ ಫೋಟೋದ ಮುಂದೆ ಎಡೆ ಇಟ್ಟಳು. ಒಬ್ಬಟ್ಟು, ವಡೆ, ಕೋಳಿ ಸಾರು, ಮುದ್ದೆ, ಅಪ್ಪನಿಗೆಂದು ಎರಡು ಬೀಡಿ, ಬೆಂಕಿಪೊಟ್ಟಣ, ಮಡಿಸಿದ ಹೊಸ ಪಂಚೆ. ಧೂಪ ಹಾಕಿದಳು. ದೊಡ್ಡಪ್ಪ ಅಂಗಿಯ ಗುಂಡಿ ಹಾಕಿಕೊಂಡು ಎದುರು ನಿಂತರು. ಕೈ ಮುಗಿದರು, ಆದರೆ ಕಣ್ಣು ಎತ್ತಲಿಲ್ಲ. ನೆಲ ನೋಡುತ್ತಲೇ ಅಡ್ಡಬಿದ್ದು ಎದ್ದರು. ಹಿಂದಿನ ವರ್ಷಗಳಲ್ಲೂ ಹೀಗೇ ಮಾಡುತ್ತಿದ್ದರೋ, ನಾನು ಈ ಸಲ ಮಾತ್ರ ಗಮನಿಸಿದೆನೋ. ಒಂದು ವರ್ಷದ್ದೂ ನೆನಪಿಲ್ಲ. ಸಂಪ್ರದಾಯದಂತೆ ಎಡೆ ಇಟ್ಟ ಕೋಣೆಯ ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ಬಂದೆವು, ಹಿರಿಯರು ಬಂದು ಉಣ್ಣಲಿ ಎಂದು. ಜಗಲಿಯ ಮೇಲೆ ದೊಡ್ಡಪ್ಪ ನನ್ನ ಪಕ್ಕ ಕೂತರು.

ಊಟವಾದ ಮೇಲೆ ಅವರದ್ದೊಂದು ಫೋಟೋ ತೆಗೆಯಲೇ ಎಂದೆ. ಕಿಟಕಿಯ ಬೆಳಕಿಗೆ ಮುಖ ಕೊಟ್ಟು ಕೂತರು. ಕಿಂಡಿಯಲ್ಲಿ ಅವರ ಬಲ ಮೂಗಿನ ಗುರುತು ನೇರವಾಗಿ ಕಂಡಿತು. ಮುದಿ ಚರ್ಮದಲ್ಲಿ ಅದು ಚುಕ್ಕೆಯಾಗಿ ಉಳಿದಿಲ್ಲ, ಚಿಕ್ಕ ಗೆರೆಯ ಹಾಗೆ ಎಳೆದುಕೊಂಡಿದೆ. ಗೋಡೆಯ ಫೋಟೋದ ಚುಕ್ಕೆಯ ಜೊತೆ ಹೋಲಿಸಿ ಏನೂ ಹೇಳಲಾಗದು. ಮೂರು ಸಲ ತೆಗೆದೆ.

"ಸಾಕು ಬಿಡಮ್ಮಾ," ಅಂದರು. "ಗೋಡೆಗೆ ಹಾಕಕ್ಕಾ ಇಷ್ಟೊಂದು?"

ಬಸ್ ನಿಲ್ದಾಣದ ತನಕ ಜೊತೆಗೆ ನಡೆದೆ. ದಾರಿಯುದ್ದಕ್ಕೂ ರಾಗಿ ತೆನೆಗೆ ಬರುವ ಹೊತ್ತಿಗೆ ಒಂದು ಮಳೆ ಬೇಕು ಎಂಬ ಮಾತು. ಬೆಂಚಿನ ಮೇಲೆ ಕೂತ ಮೇಲೆ ನನಗೆ ಇನ್ನು ತಡೆಯಲಾಗಲಿಲ್ಲ.

"ದೊಡ್ಡಪ್ಪ, ಅಪ್ಪನ ಫೋಟೋ ಮಾಡಿಸಕ್ಕೆ ಹೋದಾಗ ಆ ಗುಂಪು ಫೋಟೋದಲ್ಲಿ ಯಾರ ಮುಖದ ಮೇಲೆ ಬೆರಳಿಟ್ಟು ತೋರಿಸಿದ್ರಿ ನೀವು?"

ಅವರು ಟವೆಲಿನಿಂದ ಬಾಯಿ ಒರೆಸಿಕೊಂಡರು. ಕೇಳಿಸಲಿಲ್ಲವೇನೋ ಎಂದು ಅದೇ ಮಾತನ್ನು ಮತ್ತೆ ಕೇಳಿದೆ. ಅವರ ಬಸ್ಸು ಬಂದು ನಿಂತಿತು. ಹತ್ತಿ ಕಿಟಕಿಯ ಪಕ್ಕ ಕೂತು, "ಅಮ್ಮನ್ನ ಚೆನ್ನಾಗಿ ನೋಡ್ಕೊ," ಅಂದರು. ಆಮೇಲೆ ಎರಡು ಸಲ ಫೋನ್ ಮಾಡಿದ್ದಾರೆ, ಎರಡು ಸಲವೂ ಅಮ್ಮನ ಹತ್ತಿರವೇ ಮಾತಾಡಿ ಇಟ್ಟಿದ್ದಾರೆ. ಹೊಸ ಪ್ರಿಂಟು ಹಾಕಿಸಿಲ್ಲ. ಯಾರ ಮುಖದ ಮೇಲೆ ಬೆರಳಿಟ್ಟಿರಿ ದೊಡ್ಡಪ್ಪ?